ಆರ್‌ಎಕ್ಸ್‌ಗೆ ಎಣ್ಣೆನೀರು

ಹಲಸೂರಿನ ಸೋಮೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಪ್ರಭುಲಿಂಗ ಬೈಕ್ ಓಡಿಸುವುದನ್ನು ನೋಡಿದವರು, ಇವನು ಬೈಕ್ ಓಡಿಸುತ್ತಿದ್ದಾನೋ ಅಥವಾ ಅದನ್ನು ಕೈಹಿಡಿದು ವಾಕಿಂಗಿಗೆ ಕರೆದುಕೊಂಡು ಹೊರಟಿದ್ದಾನೋ ಎಂದು ಇನ್ನೊಂದು ಸಲ ತಿರುಗಿ ನೋಡುತ್ತಿದ್ದರು. ಎರಡೂ ಕಾಲು ಕೆಳಗೆ ಇಳಿಬಿಟ್ಟುಕೊಂಡು, ಚಪ್ಪಲಿಯ ತುದಿಯಿಂದ ನೆಲ ಸವರುತ್ತಾ, ಎಲ್ಲಾದರೂ ಒಂದಿಷ್ಟು ಒದ್ದೆ ಕಂಡರೆ ಬ್ರೇಕ್ ಹಿಡಿದು, ಅದು ಯಾರೋ ಬಾಗಿಲಿಗೆ ಹಾಕಿದ ನೀರೇ ಹೊರತು ಬೇರೇನೂ ಅಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಕ್ಕೆ. ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತ ಅಯ್ಯಮ್ಮ ಒಂದು ದಿನ ಅವನನ್ನು ದಾಟಿಕೊಂಡು, "ಬರ್ಲಾ ಸಾಮಿ, ನಿನ್ ಹಿಂದೆ ಬಂದ್ರೆ ಸೊಪ್ಪು ಬಾಡೋಗತ್ತೆ" ಎಂದು ಹೇಳಿ ಹೋದದ್ದು ಇಡೀ ಓಣಿಗೆ ಗೊತ್ತಾಗಿತ್ತು.

ಮಹಡಿಯ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದ ಅವನ ಹೆಂಡತಿ ಗೌತಮಿಗೆ ನಗುವೂ ಬರುತ್ತಿತ್ತು, ಬೇಸರವೂ ಆಗುತ್ತಿತ್ತು.

ಮೊದಲು ಹೀಗಿರಲಿಲ್ಲ. ದಾವಣಗೆರೆಯಿಂದ ಬಂದ ಹೊಸತರಲ್ಲಿ, ತೊಂಬತ್ತನಾಲ್ಕರಲ್ಲಿ, ಕೊಂಡ ಯಮಹಾ ಆರ್‌ಎಕ್ಸ್ ನೂರು ಅದು. ಪ್ರಭುಲಿಂಗನ ಕೆಲಸ ಕೆ.ಆರ್. ಪುರದ ಒಂದು ಪಂಪ್ ಕಾರ್ಖಾನೆಯ ಸ್ಟೋರಿನಲ್ಲಿ; ಗೌತಮಿಯದು ಇಂದಿರಾನಗರದ ಸಿಎಂಎಚ್ ರಸ್ತೆಯ ಸೀರೆ ಅಂಗಡಿಯಲ್ಲಿ. ಇಬ್ಬರ ದಾರಿಯೂ ಒಂದೇ ಕಡೆಗೆ. ದಿನಾ ಬೆಳಿಗ್ಗೆ ಅವಳು ಹಿಂದಿನ ಸೀಟಿನಲ್ಲಿ ಒಂದೇ ಬದಿಗೆ ಕಾಲು ಹಾಕಿ ಕೂತು, ಗಂಡನ ಹೆಗಲ ಮೇಲೆ ಕೈಯಿಟ್ಟರೆ ಮಾತು ಶುರು. ಮಗಳು ವೈಷ್ಣವಿಯನ್ನು ಯಾವ ಶಾಲೆಗೆ ಸೇರಿಸಬೇಕು, ಊರಿನ ಮದುವೆಗೆ ಯಾರು ಹೋಗಬೇಕು, ಕೆಳಗಿನ ಮನೆಯ ಪ್ರೇಮಕ್ಕ ಬಾಡಿಗೆ ಏರಿಸಿದರೆ ಏನು ಹೇಳಬೇಕು, ಎಲ್ಲವೂ ತೀರ್ಮಾನವಾಗುತ್ತಿದ್ದದ್ದು ಆ ದಾರಿಯಲ್ಲೇ. ಮನೆಯಲ್ಲಿ ಪ್ರಭುಲಿಂಗ ಮಾತಿನವನಲ್ಲ. ಬೈಕ್ ಮೇಲೆ ಕೂತರೆ ಮಾತ್ರ ಮುಖ ಮುಂದಕ್ಕಿಟ್ಟುಕೊಂಡು, ಗಾಳಿಗೆ ಹೇಳುವವನ ಹಾಗೆ ಎಲ್ಲವನ್ನೂ ಹೇಳುತ್ತಿದ್ದ.

ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ಭಾನುವಾರ, ಟಿನ್ ಫ್ಯಾಕ್ಟರಿ ಹತ್ತಿರ ಲಾರಿಯೊಂದು ಡೀಸೆಲ್ ಚೆಲ್ಲಿಕೊಂಡು ಹೋಗಿತ್ತು. ಬೈಕ್ ಜಾರಿತು. ಪ್ರಭುಲಿಂಗನಿಗೆ ಮೊಣಕೈ ತರಚಿತು ಅಷ್ಟೆ. ಗೌತಮಿಯ ಎಡಗೈ ಮುಂಗೈ ಹತ್ತಿರ ಮುರಿಯಿತು. ಕೈ ಕೂಡಿಕೊಂಡಿತು, ಈಗ ಅದೇ ಕೈಯಲ್ಲಿ ಚಪಾತಿ ಹಿಟ್ಟು ನಾದುತ್ತಾಳೆ. ಆದರೆ ಪ್ರಭುಲಿಂಗ ಆವತ್ತಿನಿಂದ ಅವಳನ್ನು ಹಿಂದೆ ಕೂರಿಸಿಕೊಂಡಿಲ್ಲ. "ನೀನು ಬಸ್ಸಲ್ಲಿ ಹೋಗು" ಅಂದದ್ದೇ ಕೊನೆ. ಅವಳು ಬಸ್ಸಿನಲ್ಲಿ ಹೋಗುತ್ತಿದ್ದಳು, ಅವನು ಅದೇ ದಾರಿಯಲ್ಲಿ ಕಾಲು ಸವರಿಕೊಂಡು ಹೋಗುತ್ತಿದ್ದ, ಬಸ್ಸಿನ ಕಿಟಕಿಯಿಂದ ಅವಳಿಗೆ ಅವನ ಹೆಲ್ಮೆಟ್ಟು ಕಾಣುತ್ತಿತ್ತು. ಒಂದೇ ಮನೆಯಲ್ಲಿದ್ದೂ ಗಂಡ ಹೆಂಡತಿ ಮಾತಾಡುವುದೇ ಕಡಿಮೆಯಾಗಿತ್ತು. ಈಗ ಹೊಸ ಸುದ್ದಿ: ಫ್ರೇಜರ್ ಟೌನಿನ ಬಟ್ಟೆ ವ್ಯಾಪಾರಿ ಅನೀಸ್ ಹಳೇ ಯಮಹಾ ಹುಡುಕುತ್ತಿದ್ದಾನೆ, ಯುಗಾದಿ ಆದ ಮೇಲೆ ಅವನಿಗೆ ಕೊಟ್ಟುಬಿಡುತ್ತೇನೆ ಎಂದು ಪ್ರಭುಲಿಂಗ ಅನ್ನ ಕಲಸುತ್ತಾ ಹೇಳಿದ.

ಮಾರನೆಯ ದಿನ ಗೌತಮಿ ಇಂದಿರಾನಗರದ ಬಸ್ಸು ಹತ್ತಲಿಲ್ಲ. ಎದುರಿನ ಬಸ್ಸು ಹಿಡಿದು ಶಿವಾಜಿನಗರಕ್ಕೆ ಹೋದಳು.

ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಕರೀಂ ಸಾಬರ ಗ್ಯಾರೇಜು. ಗ್ಯಾರೇಜು ಅನ್ನುವುದಕ್ಕಿಂತ ಒಂದು ಶಟರು, ಒಂದು ಬೆಂಚು, ಬಾಗಿಲ ಮೇಲೊಂದು ಮಸಿ ಹಿಡಿದ ಬಲ್ಬು. ಆರ್‌ಎಕ್ಸ್‌ಗೆ ಹುಟ್ಟಿದಾಗಿನಿಂದ ವೈದ್ಯರು ಅವರೇ. ಅರವತ್ತು ದಾಟಿದ ಮನುಷ್ಯ, ಕಿವಿ ಸ್ವಲ್ಪ ಮಂದ. ಆದರೆ ಎಂಜಿನ್ ಸದ್ದು ಮಾತ್ರ ಎದೆಯಿಂದಲೇ ಕೇಳಿಸುತ್ತದೆ ಎಂದು ಹೇಳಿಕೊಳ್ಳುತ್ತಿದ್ದರು.

"ಮಾರ್ತಾರಂತೆ ಕರೀಂ ಸಾಬ್ರೆ."

"ಗೊತ್ತಮ್ಮಾ. ಅನೀಸ್ ನಂಗೇ ಬಂದು ಕೇಳ್ದ, ಗಾಡಿ ಹೆಂಗಿದೆ ಚಾಚಾ ಅಂತ. ಗಾಡಿ ಚೆನ್ನಾಗಿದೆ ಬಾ, ಮಾಲೀಕ ರಿಪೇರಿಗೆ ಬಂದಿದ್ದಾನೆ ಅಂದೆ."

"ನೀವಾದ್ರೂ ಬೇಡ ಅನ್ನಬಾರದಾ?"

"ಭಯ ಇರೋರಿಗೆ ಬೇಡ ಅಂದ್ರೆ ಏನಾಗತ್ತೆ? ಇನ್ನೂ ಭಯ ಆಗತ್ತೆ." ಕರೀಂ ಸಾಬರು ಕೈಯ ಗ್ರೀಸನ್ನು ಬನಿಯನ್ ಚೂರಿಗೆ ಒರೆಸಿಕೊಂಡರು. "ಒಂದ್ ಮಾತು ಹೇಳ್ತೀನಿ, ಬೈಬೇಡಿ. ನಾನು ಹುಡುಗನಾಗಿದ್ದಾಗ ಶೋಲಾವರಂ ರೇಸಿಗೆ ಮೆಕ್ಯಾನಿಕ್ ಆಗಿ ಹೋಗ್ತಿದ್ದೆ. ಈಗ ಮದ್ರಾಸ್ ಹತ್ರ, ಶ್ರೀಪೆರಂಬದೂರು ಕಡೆ, ಬೇರೆ ಟ್ರ್ಯಾಕ್ ಇದೆ. ಅಲ್ಲಿ ಟ್ರ್ಯಾಕ್ ಡೇ ಅಂತ ಮಾಡ್ತಾರೆ. ರೇಸಲ್ಲ. ನಮ್ಮ ನಿಮ್ಮಂಥೋರು ಮನೆ ಗಾಡೀನೇ ತಗೊಂಡ್ಹೋಗಿ ಓಡಿಸ್ಬೋದು. ಸಾರ್‌ನ ಒಂದ್ಸಲ ಅಲ್ಲಿ ಬಿಡೋಣ."

ಗೌತಮಿ ಬೆಂಚಿನ ಮೇಲೆ ಕೂತಳು. ಓಣಿಯ ಒದ್ದೆಗೆ ಹೆದರುವ ಗಂಡನನ್ನು ರೇಸಿನ ಟ್ರ್ಯಾಕಿಗೆ ಬಿಡುವ ಮಾತು ಆಡುತ್ತಿರುವ ಈ ಮುದುಕನಿಗೆ ಬಿಸಿಲು ತಾಗಿರಬೇಕು ಅನ್ನಿಸಿತು. ಆದರೂ ಎದ್ದು ಹೋಗಲಿಲ್ಲ.

ಪ್ರಭುಲಿಂಗನನ್ನು ಒಪ್ಪಿಸಿದ್ದು ಕರೀಂ ಸಾಬರೇ. ಆ ಶನಿವಾರ ಬ್ರೇಕ್ ಟೈಟ್ ಮಾಡಿಸಲು ಅವನು ಹೋದಾಗ, ಗೌತಮಿಯೂ ಮಾರ್ಕೆಟ್ಟಿನ ನೆಪ ಮಾಡಿಕೊಂಡು ಬಸ್ಸಿನಲ್ಲಿ ಬಂದು ಅಲ್ಲಿದ್ದಳು.

"ಮಾರಿ ಸಾರ್, ಬೇಡ ಅನ್ನಲ್ಲ. ಹತ್ತು ವರ್ಷ ನಿಮ್ಮನ್ನ ಹೊತ್ತಿದೆ. ಕಳಿಸೋಕ್ ಮುಂಚೆ ಒಂದಿನ ಅದಕ್ಕೊಂದು ಒಳ್ಳೇ ರಸ್ತೆ ತೋರಿಸಿ. ಎದುರುಗಡೆಯಿಂದ ಯಾರೂ ಬರದೇ ಇರೋ ರಸ್ತೆ."

"ಅಂಥದ್ದೆಲ್ಲಿದೆ?"

"ಇದೆ. ಎಲ್ಲರೂ ಒಂದೇ ಕಡೆ ಹೋಗ್ತಾರೆ. ಆಟೋ ಇಲ್ಲ, ನಾಯಿ ಇಲ್ಲ, ಹಂಪ್ ಇಲ್ಲ, ಬಸ್ ಸ್ಟಾಪಿಲ್ಲ."

ಪ್ರಭುಲಿಂಗ ಕೇಳಿದ: "ಡೀಸೆಲ್ಲು?"

"ಒಂದ್ ತೊಟ್ಟು ಎಣ್ಣೆ ಬಿದ್ರೂ ಬಾವುಟ ತೋರಿಸಿ ಅಷ್ಟೂ ಗಾಡಿಗೆ ಹುಷಾರು ಹೇಳ್ತಾರೆ. ಅದನ್ನ ಒರೆಸೋಕೇ ಜನ ಇಟ್ಟಿರ್ತಾರೆ ಸಾರ್."

ರಸ್ತೆಯ ಎಣ್ಣೆ ಒರೆಸುವುದಕ್ಕೇ ಜನ ಇಟ್ಟಿರುವ ಊರೊಂದು ಈ ಭೂಮಿಯ ಮೇಲಿದೆ ಎಂಬ ಸಂಗತಿ ಪ್ರಭುಲಿಂಗನನ್ನು ಅಲ್ಲಾಡಿಸಿತು. ಎರಡು ದಿನ ಅದನ್ನೇ ಯೋಚಿಸಿದ. ಮೂರನೇ ದಿನ ಗಾಡಿ ಗ್ಯಾರೇಜಿನಲ್ಲಿ ಬಿಟ್ಟುಬಂದ. ಬರುವಾಗ ಬಸ್ಸಿನಲ್ಲಿ ಗೌತಮಿಯ ಪಕ್ಕದಲ್ಲೇ ಕೂತಿದ್ದ, ಆದರೆ ಬಸ್ಸಿನ ಗದ್ದಲದಲ್ಲಿ ಮಾತೇನೂ ಆಗಲಿಲ್ಲ.

ಗಾಡಿಯನ್ನು ಟ್ರ್ಯಾಕಿಗೆ ತಯಾರು ಮಾಡುವುದೆಂದರೆ ಅದಕ್ಕೆ ಏನೇನೋ ಹೊಸದು ಹಾಕುತ್ತಾರೆ ಎಂದು ಗೌತಮಿ ತಿಳಿದುಕೊಂಡಿದ್ದಳು. ನೋಡಿದರೆ ಎಲ್ಲವೂ ಬಿಚ್ಚುವ ಕೆಲಸ. ಎರಡು ಕನ್ನಡಿ ಹೋದವು. ನಾಲ್ಕು ಇಂಡಿಕೇಟರು ಹೋದವು. ಸೀರೆ ಚಕ್ರಕ್ಕೆ ಸಿಗದಂತೆ ಇದ್ದ ಜಾಲರಿ, ಅವಳು ಕಾಲಿಡುತ್ತಿದ್ದ ಹಲಗೆ, ಕೈ ಹಿಡಿಯುತ್ತಿದ್ದ ಕಂಬಿ, ಒಂದೊಂದೇ ಗೋಣಿಚೀಲ ಸೇರಿದವು.

"ನಂದೇ ಎಲ್ಲಾ ಬಿಚ್ತಿದ್ದೀರಲ್ಲ ಸಾಬ್ರೆ. ಅವರದ್ದು ಏನಾದ್ರೂ ಬಿಚ್ಚಿ."

"ಅವರದ್ದು ಹೊಟ್ಟೆ ಒಂದಿದೆಯಮ್ಮಾ, ಅದಕ್ಕೆ ಸ್ಪ್ಯಾನರ್ ಇಲ್ಲ."

ಸ್ಟ್ಯಾಂಡುಗಳನ್ನೂ ಬಿಚ್ಚಿದರು; ತಿರುವಿನಲ್ಲಿ ಗಾಡಿ ವಾಲಿದಾಗ ಸ್ಟ್ಯಾಂಡು ನೆಲಕ್ಕೆ ತಾಗಿದರೆ ಎತ್ತಿ ಎಸೆಯುತ್ತದಂತೆ. ಸ್ಟ್ಯಾಂಡಿಲ್ಲದ ಗಾಡಿ ಕುಡಿದವನ ಹಾಗೆ ಗೋಡೆಗೆ ಒರಗಿಕೊಂಡಿತು. ದೀಪದ ಗಾಜು ಒಡೆದರೂ ಚೂರು ಚೆಲ್ಲಬಾರದೆಂದು ಅದರ ಮೇಲೆ ಅಡ್ಡಡ್ಡ ಟೇಪು. ಎರಡು ಹೊಸ ಟೈರು, ಹೊಸ ಚೈನು, ಹೊಸ ಬ್ರೇಕ್ ಶೂ. ಎಂಜಿನ್ ಕೆಳಗೆ ಎಣ್ಣೆ ಇಳಿಸುವ ಬೋಲ್ಟಿನ ತಲೆಗೆ ಕರೀಂ ಸಾಬರು ಸೂಜಿಯಷ್ಟು ತೂತು ಕೊರೆದು, ಅದರೊಳಗೆ ತಂತಿ ಪೋಣಿಸಿ, ಬೋಲ್ಟು ಎಷ್ಟೇ ಅಲುಗಿದರೂ ಬಿಚ್ಚಿಕೊಳ್ಳದಂತೆ ಕಟ್ಟಿದರು. ಆ ಒಂದು ಕೆಲಸಕ್ಕೆ ಮೂರು ಡ್ರಿಲ್ ಮುರಿದವು, ನಡುನಡುವೆ ಉರ್ದುವಿನಲ್ಲಿ ಏನೇನೋ ಮಾತು ಬಂದವು.

"ಈ ಬೋಲ್ಟು ಬಿದ್ರೆ ಹಿಂದ್ಗಡೆ ಬರೋನು ಸಾಯ್ತಾನೆ ಸಾರ್. ಟ್ರ್ಯಾಕ್‌ನಲ್ಲಿ ಮೊದಲು ಇನ್ನೊಬ್ಬನ ಜೀವ, ಆಮೇಲೆ ನಿಂದು. ಅದೇ ಕಾನೂನು."

ಪ್ರಭುಲಿಂಗ ಬಗ್ಗಿ ಆ ತಂತಿಯನ್ನು ಬಹಳ ಹೊತ್ತು ನೋಡಿದ. ಬೆರಳಿಂದ ಎಳೆದು ನೋಡಿದ. ಅವನ ಮುಖದಲ್ಲಿ ಗೌತಮಿ ಎರಡು ವರ್ಷದಿಂದ ಕಾಣದ ಒಂದು ನೆಮ್ಮದಿ ಕಂಡಿತು.

ಇನ್ನು ಬಟ್ಟೆ. ಟ್ರ್ಯಾಕಿಗೆ ತೊಗಲಿನ ಉಡುಪೇ ಬೇಕಂತೆ. ಕರೀಂ ಸಾಬರು ಯಾರೋ ಹಳೇ ರೇಸಿನವನ ಕಪ್ಪು ಸೂಟು ತಂದುಕೊಟ್ಟರು. ಆ ರೇಸಿನವನು ಬಹುಶಃ ಊಟ ಮಾಡುತ್ತಿರಲಿಲ್ಲ. ಪ್ರಭುಲಿಂಗ ಉಸಿರು ಎಳೆದುಕೊಂಡರೂ ಜಿಪ್ಪು ಹೊಕ್ಕುಳ ದಾಟಲಿಲ್ಲ. ಮಗಳು ವೈಷ್ಣವಿ ನಕ್ಕು ನಕ್ಕು ಮಂಚದ ಮೇಲೆ ಬಿದ್ದಳು. ಗೌತಮಿ ಅದನ್ನು ಶಿವಾಜಿನಗರದ ಬ್ಯಾಗು ಹೊಲಿಯುವವನ ಹತ್ತಿರ ಒಯ್ದು, ಎರಡು ಪಕ್ಕೆಗೂ ಅಗಲವಾದ ಪಟ್ಟಿ ಕೊಡಿಸಿದಳು. ಸಿಕ್ಕ ತೊಗಲು ಕಂದು ಬಣ್ಣದ್ದು. "ಪರವಾಗಿಲ್ಲ ಬಿಡಿ, ಬಾರ್ಡರ್ ಇರೋ ಸೀರೆ ಥರ ಇದೆ" ಎಂದು ಅವಳು ಹೇಳಿದ್ದಕ್ಕೆ ಪ್ರಭುಲಿಂಗ ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಂಡು, "ಸೆರಗು ಯಾವ ಕಡೆ?" ಅಂದ. ಅವನು ಜೋಕು ಮಾಡಿದ್ದನ್ನು ಕೇಳಿ ಬಹಳ ದಿನ ಆಗಿತ್ತು.

ಹೊರಡುವ ಹಿಂದಿನ ದಿನ ಕರೀಂ ಸಾಬರು ಗಾಡಿಯನ್ನು ಲತೀಫನ ಟೆಂಪೋದಲ್ಲಿ ಹಲಸೂರಿಗೆ ಕಳಿಸಿದರು. ಲತೀಫ್ ಅವರ ಅಕ್ಕನ ಅಳಿಯ; ಮಾರ್ಕೆಟ್ಟಿಗೆ ಹೊಸೂರಿನ ಟೊಮೇಟೊ ತರುವವನು. ಶನಿವಾರ ಮಧ್ಯಾಹ್ನ ಎಲ್ಲರೂ ಗಾಡಿಯೊಂದಿಗೆ ಅದೇ ಟೆಂಪೋದಲ್ಲಿ ಹೊರಡುವುದು, ವೈಷ್ಣವಿ ಪ್ರೇಮಕ್ಕನ ಮನೆಯಲ್ಲಿ ಉಳಿಯುವುದು ಎಂದು ತೀರ್ಮಾನ.

ಶನಿವಾರ ಬೆಳಿಗ್ಗೆ ಪ್ರಭುಲಿಂಗ ಅರ್ಧ ದಿನದ ಕೆಲಸಕ್ಕೆ ಹೋಗಿದ್ದ. ಪ್ರೇಮಕ್ಕ ಅಂಗಳದಲ್ಲಿ ಗೋಡೆಗೊರಗಿದ್ದ ಗಾಡಿಯನ್ನು ಸುತ್ತಿ ನೋಡಿ, ಕನಿಕರದಿಂದ ಲೊಚಗುಟ್ಟಿದರು.

"ಏನೇ ಗೌತಮಿ ಇದು, ಒಡವೆ ಎಲ್ಲಾ ಕಿತ್ಕೊಂಡು ಓಡಿಸಿದ ಹಾಗಿದೆ. ಇದನ್ನ ಹೀಗೇ ಕಳಿಸ್ತೀಯಾ? ಪೂಜೆ ಮಾಡಲ್ವಾ?"

"ಮಾಡ್ತೀನಿ ಪ್ರೇಮಕ್ಕ. ನಿಂಬೆಹಣ್ಣು ತಂದಿಟ್ಟಿದ್ದೀನಿ."

"ಬರೀ ನಿಂಬೆಹಣ್ಣಾ? ಟೈರ್ ನೋಡು, ಹೊಸದಾದ್ರೂ ಬೂದಿ ಬಣ್ಣ. ಎಣ್ಣೆ ಹಚ್ಚು. ಆಯುಧಪೂಜೆಗೆ ಹಚ್ತೀಯಲ್ಲ ಹಂಗೆ."

ಗೌತಮಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಪ್ರತಿ ವರ್ಷ ಆಯುಧಪೂಜೆಗೆ ಗಾಡಿ ತೊಳೆದು, ಅರಿಸಿನ ಕುಂಕುಮ ಇಟ್ಟು, ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಟೈರು ತಿಕ್ಕಿ ಕರ್ರಗೆ ಮಿಂಚುವಂತೆ ಮಾಡುವುದು ಅವಳ ಕೆಲಸ. ಹಾಗೆ ಹಚ್ಚಿದ್ದನ್ನು ಓಣಿಯ ಧೂಳು ಅರ್ಧ ಗಂಟೆಯಲ್ಲಿ ಹೀರಿಬಿಡುತ್ತಿತ್ತು, ಗಾಡಿಯೂ ಆವತ್ತು ಗುಡಿಯ ಸುತ್ತ ಒಂದು ಸುತ್ತಿಗಿಂತ ಹೆಚ್ಚು ಹೋಗುತ್ತಿರಲಿಲ್ಲ. ಈ ಸಲ ಅವಳ ಮನಸ್ಸಿನಲ್ಲಿ ಬೇರೆ ಆಸೆಯೂ ಇತ್ತು. ದೊಡ್ಡ ದೊಡ್ಡ ಗಾಡಿಗಳ ಮಧ್ಯೆ ತಮ್ಮ ಮನೆಯದು ಬಡವಾಗಿ ಕಾಣಬಾರದು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಬದಿಗೂ ಹಚ್ಚಿದಳು, ಮೇಲೂ ಹಚ್ಚಿದಳು, ಗೆರೆಗೆರೆಯೊಳಗೂ ಬೆರಳಿಂದ ಇಳಿಸಿದಳು. ಅಷ್ಟು ಪ್ರೀತಿಯಿಂದ ಅವಳು ವೈಷ್ಣವಿಯ ತಲೆಗೂ ಹಚ್ಚಿರಲಿಲ್ಲ. ಆಮೇಲೆ ಊದುಬತ್ತಿ ಬೆಳಗಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಪ್ರೇಮಕ್ಕನ ಸಹಾಯದಿಂದ ಗಾಡಿಯನ್ನು ಅದರ ಮೇಲೆ ದಾಟಿಸಿದಳು. ಪ್ರಭುಲಿಂಗ ಕೆಲಸದಿಂದ ಬರುವಷ್ಟರಲ್ಲಿ ಲತೀಫ್ ಬಂದು, ಹಲಗೆ ಹಾಕಿ, ಅದನ್ನು ಟೆಂಪೋಗೆ ಏರಿಸಿ, ಟಾರ್ಪಾಲು ಹೊದಿಸಿ ಕಟ್ಟಿದ್ದ. ಕರೀಂ ಸಾಬರು ಕ್ಯಾಬಿನ್ನಿನಲ್ಲೇ ಕೂತು, "ಆಯ್ತಾ ಅಮ್ಮಾ?" ಅಂದರು. "ಆಯ್ತು ಸಾಬ್ರೆ" ಅಂದಳು.

ಶ್ರೀಪೆರಂಬದೂರಿನಲ್ಲಿ ಭಾನುವಾರ ಬೆಳಿಗ್ಗೆ ಎಂಟಕ್ಕೇ ಬಿಸಿಲು ಹೆಗಲ ಮೇಲೆ ಕೂತಿತ್ತು. ಟ್ರ್ಯಾಕಿನ ಪಕ್ಕದ ಉದ್ದನೆಯ ಶೆಡ್ಡಿನಲ್ಲಿ ಗಾಡಿಗಳ ಸಾಲು. ಎಲ್ಲಕ್ಕೂ ಮೊದಲು ತಪಾಸಣೆ. ಬಿಳಿ ಟೋಪಿ ಹಾಕಿದ ತಮಿಳು ಹಿರಿಯರೊಬ್ಬರು ಒಂದೊಂದೇ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಆರ್‌ಎಕ್ಸ್ ಹತ್ತಿರ ಬಂದಾಗ ಪ್ರಭುಲಿಂಗ ಗಾಡಿಯ ಒಂದು ಕಡೆ, ಕರೀಂ ಸಾಬರು ಇನ್ನೊಂದು ಕಡೆ ನೆಟ್ಟಗೆ ನಿಂತರು. ಹಿರಿಯರು ಆಕ್ಸಿಲರೇಟರ್ ತಿರುಗಿಸಿ ಬಿಟ್ಟರು, ಅದು ಟಪ್ಪನೆ ವಾಪಸು ಬಂತು. ಬ್ರೇಕ್ ಒತ್ತಿದರು. ಕೆಳಗೆ ಬಗ್ಗಿ ಬೋಲ್ಟಿನ ತಂತಿ ನೋಡಿ, "ನಲ್ಲ ವೇಲೆ" ಅಂದರು. ಒಳ್ಳೇ ಕೆಲಸ ಅಂದದ್ದಕ್ಕೆ ಕರೀಂ ಸಾಬರ ಗಡ್ಡ ಒಂದಿಂಚು ಮೇಲೇರಿತು.

ಆಮೇಲೆ ಹಿರಿಯರು ಟೈರಿನ ಮೇಲೆ ಹೆಬ್ಬೆರಳು ಎಳೆದರು. ಬೆರಳನ್ನು ಮೂಗಿನ ಹತ್ತಿರ ತಂದರು. ಟೋಪಿ ತೆಗೆದರು.

"ಎಣ್ಣೆ ಯಾರ್ ಪೋಟ್ಟದು?"

ಹಲಸೂರಿನಲ್ಲಿ ಹತ್ತು ವರ್ಷ ಇದ್ದವರಿಗೆ ಈ ತಮಿಳಿಗೆ ಅರ್ಥ ಹೇಳಬೇಕಾಗಿಲ್ಲ. ಕರೀಂ ಸಾಬರು ತಾವೂ ಮುಟ್ಟಿ ನೋಡಿದರು. ಟಾರ್ಪಾಲಿನ ಕೆಳಗೆ ಬಂದ ಗಾಡಿ. ಒಂದು ಕಣ ಧೂಳು ಕೂತಿರಲಿಲ್ಲ. ಹಚ್ಚಿದ ಎಣ್ಣೆ ಹಚ್ಚಿದ ಹಾಗೇ ಇತ್ತು.

"ನಾನೇ ಹಚ್ಚಿದ್ದು," ಗೌತಮಿ ಹೇಳಿದಳು. ಹೇಳುತ್ತಿರುವಾಗಲೇ ಅವಳಿಗೆ ತಾನು ಮಾಡಿದ್ದೇನೆಂದು ಗೊತ್ತಾಯಿತು. ಟಿನ್ ಫ್ಯಾಕ್ಟರಿಯ ರಸ್ತೆಯಲ್ಲಿ ಲಾರಿಯವನು ಅರಿಯದೆ ಚೆಲ್ಲಿದ್ದನ್ನು ತಾನು ಕೈಯಾರೆ, ಗೆರೆಗೆರೆಯೊಳಗೂ ಇಳಿಸಿ, ಪೂಜೆ ಮಾಡಿ ಕಳಿಸಿದ್ದಳು. "ಪೂಜೆಗೆ ಅಂತ. ಮಿಂಚಲಿ ಅಂತ."

ಹಿರಿಯರು ಬೈಯಲಿಲ್ಲ. ತಮ್ಮ ಹೆಂಡತಿಯೂ ಕಾರಿನ ಟೈರಿಗೆ ತೆಂಗಿನೆಣ್ಣೆ ಹಚ್ಚುತ್ತಾಳೆಂದೂ, ಆದರೆ ಕಾರು ತಿರುವಿನಲ್ಲಿ ವಾಲುವುದಿಲ್ಲವೆಂದೂ ತಮಿಳಿನಲ್ಲಿ ಹೇಳಿದರು. ಸಣ್ಣ ಗಾಡಿಗಳ ಸರದಿ ಹನ್ನೊಂದೂವರೆಗೆ. ಅಷ್ಟರೊಳಗೆ ತೊಳೆದು ತಂದರೆ ಮತ್ತೆ ನೋಡುತ್ತೇನೆ, ಹೀಗೇ ಅಂತೂ ಬಿಡುವುದಿಲ್ಲ.

ಗೌತಮಿ ಗಂಡನ ಕಡೆ ನೋಡಿದಳು. ಪ್ರಭುಲಿಂಗ ಗ್ಲೌಸನ್ನು ಒಂದೊಂದೇ ಬೆರಳಾಗಿ ಬಿಚ್ಚಿ ಹೆಲ್ಮೆಟ್ಟಿನೊಳಗೆ ಹಾಕಿದ.

"ಬೇಡ ಗೌತಮಿ. ಗಾಡಿ ಟೆಂಪೋಗೆ ಹತ್ತಿಸೋಕೆ ಲತೀಫ್‌ಗೆ ಹೇಳು. ಅನೀಸ್‌ಗೆ ಕೊಟ್ಬಿಡೋಣ. ನಂಗಾಗಲ್ಲ."

ದನಿ ಏರಿಸಿದ್ದರೆ ಅವಳು ಉತ್ತರ ಕೊಡುತ್ತಿದ್ದಳು. ಅವನು ಸಮಾಧಾನವಾಗಿ, ಅವಳಿಗೇ ಬೇಜಾರಾಗಬಾರದು ಎನ್ನುವ ಹಾಗೆ ಹೇಳಿ, ಹೋಗಿ ಬೇವಿನ ಮರದ ನೆರಳಲ್ಲಿ ಕೂತ. ಕಂದು ಪಟ್ಟಿಯ ಕಪ್ಪು ಸೂಟಿನಲ್ಲಿ ಬೆವರುತ್ತಾ.

ಕರೀಂ ಸಾಬರು ಪೆಟ್ರೋಲ್ ಕ್ಯಾನಿಗೆ ಕೈ ಹಾಕಿದರು. ಹಿರಿಯರು ದೂರದಿಂದಲೇ ಬೇಡ ಅಂದರು. ಇಲ್ಲಿ ಹಾಗೆ ಪೆಟ್ರೋಲ್ ಸುರಿಯುವಂತಿಲ್ಲ, ರಬ್ಬರೂ ಕೆಡುತ್ತದೆ. ಶೆಡ್ಡಿನ ಯಾರೋ ಬಟ್ಟೆ ಒಗೆಯುವ ಪುಡಿ ಕೊಟ್ಟರು. ಕರೀಂ ಸಾಬರು ತಿಕ್ಕಿದರು, ನೊರೆ ಬಂತು, ನೀರು ಹೊಯ್ದರು. ಮುಟ್ಟಿದರೆ ಮತ್ತೆ ಅದೇ ಜಿಡ್ಡು, ಈಗ ಎಲ್ಲ ಕಡೆಗೂ ಹರಡಿತ್ತು.

"ಬಿಡಿ ಸಾಬ್ರೆ," ಅಂದಳು ಗೌತಮಿ. "ಅದು ಹರಳೆಣ್ಣೆ. ಸೋಪಿಗೆಲ್ಲಿ ಬಿಡತ್ತೆ? ಲತೀಫ್, ಗೇಟ್ ಹೊರಗೆ ಅಂಗಡಿ ಇದೆಯಲ್ಲ, ಸೀಗೆಪುಡಿ ತಗೊಂಬಾಪ್ಪ. ಇದ್ದಷ್ಟೂ ತಗೊಂಬಾ. ಒಂದು ತೆಂಗಿನ ನಾರಿನ ಉಂಡೆನೂ. ಕ್ಯಾಂಟೀನಲ್ಲಿ ಬಿಸಿನೀರು ಕೇಳು."

"ಸೀಗೆಪುಡಿ?" ಕರೀಂ ಸಾಬರು ಮಂದ ಕಿವಿಯನ್ನು ಮುಂದೆ ತಂದರು.

"ಎಣ್ಣೆ ಹಚ್ಚಿದೋಳು ನಾನು. ನೀರು ಹಾಕೋದೂ ನಂಗೆ ಗೊತ್ತು."

ಗಾಡಿಯ ಹೊಟ್ಟೆಯ ಕೆಳಗೆ ಟೊಮೇಟೊ ಪೆಟ್ಟಿಗೆ ಕೊಟ್ಟು ಚಕ್ರ ಎತ್ತಿದರು. ಗೌತಮಿ ಬಿಸಿನೀರಿನಲ್ಲಿ ಸೀಗೆಪುಡಿ ಕಲಸಿ, ಗಟ್ಟಿಯಾಗಿ ಟೈರಿಗೆ ಮೆತ್ತಿ, ನೆನೆಯಲು ಬಿಟ್ಟು, ಆಮೇಲೆ ನಾರಿನಿಂದ ಉಜ್ಜಲು ಶುರು ಮಾಡಿದಳು. ಕರೀಂ ಸಾಬರು ಚಕ್ರ ತಿರುಗಿಸುವುದು, ಅವಳು ಉಜ್ಜುವುದು. ಒಂದು ಸಲ ನೀರು ಹೊಯ್ದು, ಮುಟ್ಟಿ ನೋಡಿ, ತಲೆಯಾಡಿಸಿ, ಮತ್ತೆ ಮೆತ್ತಿದಳು. ಶೆಡ್ಡಿನ ತುಂಬ ಹಬ್ಬದ ಬೆಳಗಿನ ಬಚ್ಚಲುಮನೆಯ ವಾಸನೆ. ದೊಡ್ಡ ಗಾಡಿಗಳ ಹುಡುಗರು ಒಬ್ಬೊಬ್ಬರೇ ಬಂದು ನಿಂತರು.

"ಆಂಟಿ, ನಮ್ ಗಾಡಿಗೂ ಹಾಕ್ತೀರಾ?" ಬೆಂಗಳೂರಿನವನೊಬ್ಬ ಕೇಳಿದ.

"ನಿಮ್ಮಮ್ಮನ್ನ ಕರ್ಕೊಂಡ್ಬಾ ಮಗಾ. ನಂಗೆ ಒಂದೇ ಸಾಕಾಗಿದೆ."

"ಸಾಂಬ್ರಾಣಿ ಹೊಗೆನೂ ಕೊಡಿ ಆಂಟಿ, ಇಲ್ಲಾಂದ್ರೆ ಶೀತ ಆಗತ್ತೆ."

ಅವಳು ನಗುತ್ತಲೇ ಉಜ್ಜಿದಳು, ಆದರೆ ಕಣ್ಣು ಬೇವಿನ ಮರದ ಕಡೆಗೇ ಹೋಗುತ್ತಿತ್ತು. ಮುರಿದು ಕೂಡಿದ್ದ ಕೈ ನೋಯತೊಡಗಿತ್ತು. ಕೈ ಬದಲಿಸಿದಳು. ಪ್ರಭುಲಿಂಗ ಅದನ್ನು ನೋಡಿದ. ಎದ್ದು ಬಂದ. ಅವಳ ಕೈಯಿಂದ ನಾರು ತೆಗೆದುಕೊಂಡು, ಕೂರಲು ಸೂಟು ಬಗ್ಗದೆ ಒದ್ದಾಡಿ, ಕೊನೆಗೆ ಮಂಡಿಯೂರಿ ಹಿಂದಿನ ಟೈರು ಉಜ್ಜಿದ.

ಹನ್ನೊಂದರ ಹೊತ್ತಿಗೆ ಹಿರಿಯರು ಬಿಳಿ ಕರವಸ್ತ್ರ ಹಿಡಿದು ಬಂದರು. ಮುಂದಿನ ಟೈರಿಗೆ ಒತ್ತಿ ಎಳೆದರು. ಹಿಂದಿನದಕ್ಕೂ ಎಳೆದರು. ಬಟ್ಟೆ ಮಸಿಯಾಯಿತು, ಜಿಡ್ಡಾಗಲಿಲ್ಲ. ಮೂಸಿ ನೋಡಿ, ತಮ್ಮ ಅಜ್ಜಿ ನೆನಪಾದರು ಅಂದರು. ಮೊದಲ ಎರಡು ಸುತ್ತು ಮೆಲ್ಲಗೆ ಹೋಗಲಿ, ಟೈರು ಕಾಯಲಿ ಎಂದು ಹೇಳಿ, ಗಾಡಿಗೆ ಹಸಿರು ಚೀಟಿ ಅಂಟಿಸಿದರು.

ಪ್ರಭುಲಿಂಗ ಆ ಚೀಟಿ ನೋಡಿದ. ಟೈರಿನ ಮೇಲೆ ಅಂಗೈ ಇಟ್ಟ. ತೆಗೆದ.

"ಪೂರ್ತಿ ಹೋಗಿದೆ ಅಂತ ಹೇಗೆ ನಂಬೋದು?"

"ನಂಗೊತ್ತಿಲ್ಲ ರೀ. ನಿನ್ನೆ ಹಚ್ಚುವಾಗಲೂ ಸರಿಯಾಗೇ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ. ಹೋಗಿದೆ ಅಂತ ನಂಗನ್ನಿಸತ್ತೆ. ಬೇಕಾದ್ರೆ ಇಲ್ಲೇ, ಈ ಶೆಡ್ ಹಿಂದೆ, ನಾನು ಹಿಂದೆ ಕೂರ್ತೀನಿ. ಇಬ್ಬರೂ ಒಂದು ಸುತ್ತು ಹೋಗಿ ನೋಡೋಣ."

"ನೀನಾ? ಕಾಲಿಡೋಕೂ ಜಾಗ ಇಲ್ಲ ಅದರಲ್ಲಿ."

"ಜೋತು ಬಿಟ್ಕೊಂಡು ಕೂರ್ತೀನಿ."

"ಜಾರಿದ್ರೆ?"

"ಜಾರಿದ್ರೆ ಬೀಳ್ತೀವಿ. ಒಂದ್ಸಲ ಬಿದ್ದಿಲ್ವಾ?" ಅವಳು ಸೀಟಿನ ಮೇಲಿನ ನೀರು ಒರೆಸಿ, ಹತ್ತಲು ಸೀರೆ ಎತ್ತಿ ಹಿಡಿದೇಬಿಟ್ಟಳು.

"ಇಳಿ," ಅಂದ ಪ್ರಭುಲಿಂಗ. "ತಲೆ ಕೆಟ್ಟಿದೆಯಾ ನಿಂಗೆ? ನಾನು ನೋಡದೆ ನಿನ್ನ ಇದರ ಮೇಲೆ ಕೂರಿಸ್ಕೊಳ್ತೀನಾ? ಕರೀಂ ಭಾಯ್, ಇವಳನ್ನ ಹಿಡ್ಕೊಳ್ಳಿ." ಎರಡು ವರ್ಷದಲ್ಲಿ ಅವನು ಅವಳಿಗೆ ಇಷ್ಟು ಜೋರಾಗಿ ಹೇಳಿದ್ದು ಇದೇ ಮೊದಲು. ಹೆಲ್ಮೆಟ್ಟು ಹಾಕಿಕೊಂಡ, ಗ್ಲೌಸು ಏರಿಸಿದ, ಒಂದೇ ಒದೆತಕ್ಕೆ ಗಾಡಿ ಶುರುವಾಯಿತು. ಹನ್ನೊಂದೂವರೆಯ ಸಾಲಿನ ಬಾಲದಲ್ಲಿ ಹೋಗಿ ನಿಂತ.

ಕರೀಂ ಸಾಬರು ಗೌತಮಿಯನ್ನು ಹಿಡಿದುಕೊಳ್ಳಲಿಲ್ಲ. ಅವರೇ ಕಂಬ ಹಿಡಿದುಕೊಂಡಿದ್ದರು.

ಮೊದಲ ಸುತ್ತಿನಲ್ಲಿ ಎಲ್ಲರೂ ಹೋದ ಮೇಲೆ, ಇನ್ನು ಬರುವುದೇ ಇಲ್ಲ ಅನ್ನುವಷ್ಟು ಹೊತ್ತಾದ ಮೇಲೆ, ಆರ್‌ಎಕ್ಸ್ ಬಂತು. ಕಾಲು ಕೆಳಗೆ ಇಳಿಬಿಟ್ಟಿಲ್ಲ ಅನ್ನುವುದಷ್ಟೇ ಸಮಾಧಾನ. ಎರಡನೇ ಸುತ್ತೂ ಹಾಗೆಯೇ. ಮೂರನೆಯದಕ್ಕೆ ಅವನು ದೂರದ ತಿರುವಿನ ಆಚೆ ಮರೆಯಾದ. ಅಲ್ಲಿಂದ ಆರ್‌ಎಕ್ಸಿನ ಸದ್ದು ಒಮ್ಮೆಗೇ ಕುಗ್ಗಿತು. ಗೌತಮಿ ಕರೀಂ ಸಾಬರ ತೋಳು ಹಿಡಿದಳು. ಅವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಸ್ವಲ್ಪ ಹೊತ್ತಿಗೆ ಸದ್ದು ಮತ್ತೆ ಏರಿತು, ಮೊದಲಿಗಿಂತ ಎತ್ತರಕ್ಕೆ.

"ಬಂದ," ಅಂದರು ಕರೀಂ ಸಾಬರು. "ನಾಲ್ಕನೇ ಗೇರಲ್ಲಿ ಬಂದ."

ಆಮೇಲಿನ ಸುತ್ತುಗಳನ್ನು ಅವಳು ಸರಿಯಾಗಿ ಎಣಿಸಲಿಲ್ಲ. ಪ್ರತಿ ಸಲವೂ ಅವನು ಇನ್ನಷ್ಟು ಬೇಗ ಬರುತ್ತಿದ್ದ, ಇನ್ನಷ್ಟು ಬಗ್ಗಿಕೊಂಡು, ಹೊಟ್ಟೆಯನ್ನು ಟ್ಯಾಂಕಿನ ಮೇಲೆ ಮಲಗಿಸಿಕೊಂಡು. ಯಾರನ್ನೂ ಹಿಂದೆ ಹಾಕಲಿಲ್ಲ. ಆದರೆ ಯಾರೂ ಅವನನ್ನು ಎರಡನೇ ಸಲ ಹಿಂದೆ ಹಾಕಲಿಲ್ಲ. ಹೊತ್ತು ಮುಗಿಯಿತೆಂದು ಬಾವುಟ ತೋರಿಸಿದರು. ಎಲ್ಲರೂ ಒಳಗೆ ಬಂದರು. ಪ್ರಭುಲಿಂಗ ಬಾವುಟದವನಿಗೆ ತಲೆಯಾಡಿಸಿ ಇನ್ನೊಂದು ಸುತ್ತಿಗೆ ಹೋಗಿಬಿಟ್ಟ. ಬಿಳಿ ಟೋಪಿಯ ಹಿರಿಯರು ಗೌತಮಿಯ ಕಡೆ ತಿರುಗಿ, ನಿಮ್ಮ ಯಜಮಾನರನ್ನು ಕರೆಯಿರಿ ಎಂದು ಕೈ ಮಾಡಿದರು. ಅವಳು ತನಗೇನೂ ಸಂಬಂಧವಿಲ್ಲ ಎನ್ನುವ ಹಾಗೆ ಬೇವಿನ ಮರ ನೋಡಿದಳು.

ಬಂದವನು ಬೈಸಿಕೊಂಡ. ಬೈಗುಳವನ್ನು ಪೂರ್ತಿ ಕೇಳಿ, ಎಲ್ಲದಕ್ಕೂ ಸರಿ ಸಾರ್ ಅಂದು, ಹೆಲ್ಮೆಟ್ಟು ತೆಗೆದು ಗೌತಮಿಯ ಹತ್ತಿರ ಬಂದ. ಕೂದಲಿನಿಂದ ಬೆವರು ಸುರಿಯುತ್ತಿತ್ತು. ಕರೀಂ ಸಾಬರು ಗಾಡಿ ಹಿಡಿದುಕೊಂಡು ಕಾಯುತ್ತಿದ್ದರೂ ಅವನು ಅವಳಿಗೇ ಹೇಳಿದ.

"ಆ ಆಚೆ ತಿರುವಲ್ಲಿ ಸ್ವಲ್ಪ ಜಾರ್ತು."

"ಆಮೇಲೆ?"

"ಹಿಡ್ಕೊಳ್ತು." ಅಂಗೈಯನ್ನು ಟೈರಿನ ಹಾಗೆ ವಾಲಿಸಿ ತೋರಿಸಿದ. "ಹೀಗೆ ಹೋಯ್ತು, ಹೀಗೆ ಬಂತು. ನಾನೇನೂ ಮಾಡ್ಲಿಲ್ಲ, ಸುಮ್ಮನೆ ಕೂತಿದ್ದೆ. ಮುಂದಿನ ಸುತ್ತಲ್ಲಿ ಅದೇ ಜಾಗಕ್ಕೆ ಹಾಗೇ ಹೋದೆ, ಮತ್ತೆ ಜಾರತ್ತಾ ನೋಡೋಣ ಅಂತ. ಜಾರ್ಲಿಲ್ಲ. ಇನ್ನೊಂದ್ಸಲ ಹೋದೆ. ಈಗ ಬೈಸ್ಕೊಂಡ್ನಲ್ಲ, ಅದೂ ಅದಕ್ಕೇ ಹೋದದ್ದು."

ಅವನು ಹೇಳುತ್ತಲೇ ಹೋದ. ಎಲ್ಲಿ ಗೇರು ಇಳಿಸಿದ್ದು, ಎಲ್ಲಿ ಗಾಳಿ ಎದೆಗೆ ಬಡಿದದ್ದು, ಮುಂದಿನವನ ಪ್ಯಾಂಟು ಹಿಂದೆ ಹರಿದಿದ್ದದ್ದು. ಗೌತಮಿ ಕೇಳುತ್ತಾ ನಿಂತಳು. ಬಾಟಲಿಯ ನೀರು ಕೊಟ್ಟಳು, ಕುಡಿದು ಮತ್ತೆ ಮುಂದುವರಿಸಿದ. ಕಡೆಗೆ ಉಸಿರು ತೆಗೆದುಕೊಳ್ಳಲು ನಿಂತಾಗ ಏನೋ ನೆನಪಾದವನಂತೆ ಕೇಳಿದ:

"ನಿನ್ ಬಸ್ ಪಾಸು ಈ ತಿಂಗಳದ್ದು ಇನ್ನೂ ಇದೆಯಲ್ಲ?"

"ಇನ್ನೊಂದು ವಾರ ಇದೆ."

"ಸರಿ. ಅದು ಮುಗಿಸಿಬಿಡು, ದಂಡ ಆಗೋದು ಬೇಡ. ಮುಂದಿನ ತಿಂಗಳು ಮಾಡಿಸ್ಬೇಡ."

ಗೌತಮಿ ಸೀಗೆಪುಡಿಯ ವಾಸನೆಯ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. "ದಂಡ ಆದ್ರೆ ಆಗ್ಲಿ ರೀ. ನಾಳೆಯಿಂದ್ಲೇ ಬರ್ತೀನಿ."

"ನಾಳೆ ನಕ್ಕೋ ಅಮ್ಮಾ, ಆಗಲ್ಲ," ಅಂದರು ಕರೀಂ ಸಾಬರು ಗಾಡಿಯ ಆಚೆಯಿಂದ. "ಬಿಚ್ಚಿದ್ದು ನಾನು. ಹಾಕೋಕೆ ಬುಧವಾರ ಆಗತ್ತೆ."

"ಮಂಗಳವಾರ," ಅಂದಳು ಗೌತಮಿ.

"ಬುಧವಾರ ಬೆಳಿಗ್ಗೆ."

"ಮಂಗಳವಾರ ಸಾಯಂಕಾಲ ಸಾಬ್ರೆ. ನಾನೇ ಗ್ಯಾರೇಜಿಗೆ ಬರ್ತೀನಿ, ಅಲ್ಲಿಂದ್ಲೇ ಇಬ್ಬರೂ ಕೂತ್ಕೊಂಡು ಮನೆಗೆ ಹೋಗ್ತೀವಿ."

ಕರೀಂ ಸಾಬರು ಪ್ರಭುಲಿಂಗನ ಕಡೆ ನೋಡಿದರು. ಪ್ರಭುಲಿಂಗ ಸೂಟಿನ ಜಿಪ್ಪು ಹೊಕ್ಕುಳವರೆಗೆ ಇಳಿಸಿಕೊಂಡು, "ಮಂಗಳವಾರ ಆಗಲ್ವಾ ಭಾಯ್?" ಅಂದ.